‘ಇ’ ಗುರುತಿನ ಹೆಡ್‌ಫೋನ್

ಕಳೆದ ವರ್ಷ ಶ್ರಾವಣದ ಎರಡನೇ ಸೋಮವಾರ, ತುಮಕೂರು ಬಟವಾಡಿಯ ನಮ್ಮ ಕಚೇರಿಯಿಂದ ಇಪ್ಪತ್ತೆರಡು ಹೆಡ್‌ಫೋನ್‌ಗಳು ಇಪ್ಪತ್ತೆರಡು ಮನೆಗಳಿಗೆ ಹೋದವು. ಎಲ್ಲವೂ ಒಂದೇ ಮಾದರಿಯವು. ಐದು ಮಾದರಿಗಳನ್ನು ಹೋಲಿಸಿ, ಅದೊಂದನ್ನು ಆರಿಸಿ, ಕಾರಣ ಬರೆದು ಸಹಿ ಹಾಕಿದವನು ನಾನು.

ನಮ್ಮ ಕಚೇರಿಯದು ಮಾತನ್ನು ಬರಹಕ್ಕಿಳಿಸುವ ಕೆಲಸ. ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವವರು ಜನರನ್ನು ಮಾತಾಡಿಸಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್, ಬೆಳ್ಳಾವಿ ಕಡೆಯ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಅದನ್ನು ಕೇಳಿ, ಆಡಿದ್ದು ಆಡಿದ ಹಾಗೇ ಟೈಪ್ ಮಾಡುತ್ತಾರೆ. ಬಂದದ್ದನ್ನು ಮತ್ತೆ ಕೇಳಿ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಹಿಂದೆ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ ಕಲಿತ ಒಂದು ನಿಯಮವನ್ನು ಇಲ್ಲಿಗೂ ತಂದಿದ್ದೆ. ಕೇಳಿಸದೇ ಇದ್ದದ್ದನ್ನು ಊಹಿಸಿ ಬರೆಯಬಾರದು. ಆ ಜಾಗದಲ್ಲಿ ನಿಮಿಷ, ಸೆಕೆಂಡು ಹಾಕಿ ‘ಅಸ್ಪಷ್ಟ’ ಎಂದು ಗುರುತು ಮಾಡಬೇಕು.

ಆವರೆಗೆ ಒಬ್ಬೊಬ್ಬರು ಒಂದೊಂದು ಬಗೆಯ ಇಯರ್‌ಫೋನ್ ಬಳಸುತ್ತಿದ್ದರು. ಫೋನಿನ ಜೊತೆ ಬಂದದ್ದು, ಗಂಡನದು, ಸಂತೆಯಲ್ಲಿ ಕೊಂಡದ್ದು. ಕಿವಿಯೊಳಗೆ ತುರಿಕೆ ಎಂದು ಇಬ್ಬರು ಹೇಳಿದ್ದರು. ಒಂದೇ ರೆಕಾರ್ಡಿಂಗು ಇಬ್ಬರ ಕೈಯಲ್ಲಿ ಎರಡು ಥರ ಬರುತ್ತಿತ್ತು. ಎಲ್ಲರಿಗೂ ಒಂದೇ ಹೆಡ್‌ಫೋನ್ ಕೊಡೋಣ ಎಂದು ಮಾಲೀಕರು ತೀರ್ಮಾನಿಸಿದರು. ಬೆಲೆ ಒಂದೂವರೆ ಸಾವಿರ ದಾಟಬಾರದು, ಉಳಿದದ್ದು ನಿಮಗೆ ಬಿಟ್ಟದ್ದು ಎಂದು ನನಗೆ ಒಪ್ಪಿಸಿದರು. ಜೊತೆಗೆ ಇನ್ನೊಂದು ವಿಷಯವನ್ನೂ ಪ್ರಕಟಿಸಿದರು. ಮುಂದಿನ ಮೂರು ತಿಂಗಳ ಕೆಲಸ ನೋಡಿ, ಮನೆಯಿಂದ ಬರೆಯುವವರಲ್ಲಿ ಒಬ್ಬರನ್ನು ಬಟವಾಡಿಯ ಕಚೇರಿಗೆ ಪರಿಶೀಲಕರಾಗಿ ತೆಗೆದುಕೊಳ್ಳುವುದು. ಅದು ತಿಂಗಳ ಸಂಬಳದ ಕೆಲಸ, ಒಂದೇ ಹುದ್ದೆ.

ಅದು ಯಾರಿಗೆ ಸಿಗುತ್ತದೆ ಎಂಬ ಬಗ್ಗೆ ಆಗ ಯಾರಿಗೂ ಅನುಮಾನವಿರಲಿಲ್ಲ. ಗುಬ್ಬಿಯಿಂದ ಬರೆಯುತ್ತಿದ್ದ ಒಬ್ಬ ಗೃಹಿಣಿ ಇದ್ದರು. ವಯಸ್ಸು ಮೂವತ್ತೈದರ ಆಸುಪಾಸು, ಎರಡು ಮಕ್ಕಳು, ಗಂಡನಿಗೆ ಅಡಿಕೆ ಗೋದಾಮಿನಲ್ಲಿ ಕೆಲಸ. ಒಂದು ಗಂಟೆಯ ರೆಕಾರ್ಡಿಂಗಿನಲ್ಲಿ ಅವರ ‘ಅಸ್ಪಷ್ಟ’ ಎರಡೋ ಮೂರೋ ಇರುತ್ತಿದ್ದವು; ಆ ಜಾಗಗಳು ನಿಜಕ್ಕೂ ಅಸ್ಪಷ್ಟವಾಗಿರುತ್ತಿದ್ದವು. ಮಾತು ಕೇಳಿಯೇ ಇದು ಬೆಳ್ಳಾವಿ ಕಡೆಯದು, ಕುಣಿಗಲ್ ಕಡೆಯದಲ್ಲ ಎಂದು ಹೇಳಬಲ್ಲವರಾಗಿದ್ದರು. ಸಂಬಳದ ಕೆಲಸವಾದರೆ ದಿನಾ ತುಮಕೂರಿಗೆ ಹೋಗಿ ಬರಲು ಮನೆಯಲ್ಲಿ ಒಪ್ಪಿದ್ದಾರೆ, ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ ಎಂದು ಅವರೇ ಫೋನಿನಲ್ಲಿ ಹೇಳಿದ್ದರು. ಸಾಮಾನ್ಯವಾಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ ಅವರು ಕೇಳದೆಯೇ ಹೇಳಿದ ಮಾತು ಅದೊಂದು.

ಹೋಲಿಕೆಯನ್ನು ನಾನು ಹಗುರವಾಗಿ ಮಾಡಲಿಲ್ಲ. ಪೇಟೆಯ ಎರಡು ಅಂಗಡಿಗಳಿಂದ ಐದು ಹೆಡ್‌ಫೋನ್ ತಂದು, ಕಂಪನಿಯ ಹೆಸರು ಕಾಣದಂತೆ ಕಪ್ಪು ಟೇಪು ಸುತ್ತಿ, ಅ, ಆ, ಇ, ಈ, ಉ ಎಂದು ಗುರುತು ಬರೆದೆ. ಕೇಳಲು ಮೂರು ರೆಕಾರ್ಡಿಂಗ್ ಇಟ್ಟುಕೊಂಡೆ. ಒಂದು, ಮುಚ್ಚಿದ ಕೋಣೆಯಲ್ಲಿ ನರ್ಸೊಬ್ಬರು ಆಡಿದ ಸ್ಪಷ್ಟ ಮಾತು. ಇನ್ನೊಂದು, ಟ್ರ್ಯಾಕ್ಟರ್ ಓಡುತ್ತಿರುವಾಗ ಹೊಲದ ಬದುವಿನಲ್ಲಿ ಮೂವರು ಒಟ್ಟಿಗೆ ಆಡಿದ್ದು. ಮೂರನೆಯದು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಮಾತಾಡಿದ ಹಲ್ಲಿಲ್ಲದ ಅಜ್ಜನದು. ಕೇಳಿದವರು ನಾಲ್ಕು ಜನ: ನಾನು, ಮಾಲೀಕರು, ಕಂಪ್ಯೂಟರ್ ನೋಡಿಕೊಳ್ಳುವ ಇಬ್ಬರು. ಒಂದೊಂದನ್ನೂ ಒಂದೇ ಬೈಠಕ್ಕಿನಲ್ಲಿ ಮೂರು ಗಂಟೆ ಹಾಕಿಕೊಂಡು ಕೂತೆವು. ಬರೆದದ್ದು ಎಷ್ಟು ಸರಿ, ಎಷ್ಟು ಹೊತ್ತಿಗೆ ಕಿವಿ ಬಿಸಿಯಾಯಿತು, ಎಷ್ಟು ಹೊತ್ತಿಗೆ ಕೈ ತಾನಾಗಿ ತಲೆಯ ಪಟ್ಟಿಯತ್ತ ಹೋಯಿತು, ಎಲ್ಲವನ್ನೂ ಗಡಿಯಾರ ನೋಡಿ ಗುರುತು ಹಾಕಿದೆ.

‘ಅ’ದಲ್ಲಿ ಮಾತಿಗಿಂತ ಸೊಂಯ್ ಎನ್ನುವ ಸದ್ದೇ ಮುಂದಾಗಿತ್ತು. ‘ಆ’ದ ಪಟ್ಟಿ ಎರಡನೇ ದಿನ ಬಿರುಕು ಬಿಟ್ಟಿತು. ‘ಈ’ ಹಗುರವಾಗಿತ್ತು, ಆದರೆ ತಲೆ ತಗ್ಗಿಸಿದರೆ ಜಾರುತ್ತಿತ್ತು. ‘ಉ’ ಇಡೀ ಕಿವಿಯನ್ನು ಬಟ್ಟಲಿನ ಹಾಗೆ ಒಳಗೆ ತೆಗೆದುಕೊಳ್ಳುವ ದೊಡ್ಡ ಹೆಡ್‌ಫೋನ್. ಭಾರ ಹೆಚ್ಚು, ಬೆವರು ಹೆಚ್ಚು, ಧ್ವನಿ ಗಡಿಗೆಯೊಳಗಿಂದ ಬಂದಂತೆ. ‘ಇ’ದಲ್ಲಿ ಮಾತ್ರ ಅಜ್ಜನ ಮಾತು ಎಲೆಅಡಿಕೆಯ ಆಚೆಯಿಂದ ಬಿಡಿಸಿ ಕೇಳುತ್ತಿತ್ತು. ಅದರ ಚಪ್ಪಟೆ ಮೆತ್ತೆ ಕಿವಿಯ ಮೇಲೆ ಗಟ್ಟಿಯಾಗಿ ಒತ್ತಿ ಕೂರುತ್ತಿತ್ತು. ಹೊರಗಿನ ಸದ್ದು ಒಳಗೆ ಬರದೆ ಇದ್ದದ್ದು ಆ ಒತ್ತಡದಿಂದಲೇ. ನಾನು ಕನ್ನಡಕದವನಾದ್ದರಿಂದ, ಕನ್ನಡಕದ ಕಾಲು ಮೆತ್ತೆಯ ಕೆಳಗೆ ಸಿಕ್ಕರೆ ಏನಾಗುತ್ತದೆ ಎಂದು ಪ್ರತ್ಯೇಕವಾಗಿ ಪರೀಕ್ಷಿಸಿದೆ. ತೊಂದರೆಯಿಲ್ಲ ಎಂದು ಕಂಡಿತು. ವರದಿಯಲ್ಲಿ ಅದಕ್ಕೆ ಒಂದು ಪ್ಯಾರಾ ಕೊಟ್ಟಿದ್ದೆ. ‘ಇ’ ಬಗ್ಗೆ ಬರೆದ ಕೊನೆಯ ವಾಕ್ಯ ಹೀಗಿತ್ತು: “ಬಿಗಿ ತುಸು ಹೆಚ್ಚು, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.”

ಹೆಡ್‌ಫೋನ್ ತಲುಪಿದ ಹದಿನೈದು ದಿನಕ್ಕೆ ಎಲ್ಲರಿಗೂ ಒಂದು ಫಾರಂ ಕಳಿಸಿದೆ. ಧ್ವನಿ ಸ್ಪಷ್ಟವಾಗಿದೆಯೇ? ಕಿವಿ ನೋಯುತ್ತದೆಯೇ? ತಲೆಗೆ ಭಾರವೇ? ಬೇರೇನಾದರೂ ಹೇಳುವುದಿದೆಯೇ? ನೋವಿನ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಎಂದಿದ್ದರು. ಗುಬ್ಬಿಯವರ ಫಾರಂನಲ್ಲಿ ಧ್ವನಿಗೆ ‘ಪರವಾಗಿಲ್ಲ’, ನೋವಿಗೆ ‘ಇಲ್ಲ’, ಭಾರಕ್ಕೆ ‘ಇಲ್ಲ’. ಕೊನೆಯ ಖಾಲಿ ಜಾಗದಲ್ಲಿ ‘ತುಂಬಾ ಥ್ಯಾಂಕ್ಸ್ ಸಾರ್’. ‘ಪರವಾಗಿಲ್ಲ’ವನ್ನು ನಾನು ‘ಹೌದು’ ಲೆಕ್ಕಕ್ಕೆ ಸೇರಿಸಿದೆ. ಕೊಟ್ಟವರ ಮುಖದ ಮುಂದೆ ಕೊಟ್ಟ ವಸ್ತುವಿನ ಕೊರತೆ ಎತ್ತುವ ಜನ ನಾವಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

ಅದೇ ತಿಂಗಳು ಗುಬ್ಬಿಯ ಫೈಲುಗಳಲ್ಲಿ ‘ಅಸ್ಪಷ್ಟ’ ಹೆಚ್ಚತೊಡಗಿತು. ಮೊದಲು ಐದಾರು, ಆಮೇಲೆ ಹದಿನೈದು, ಒಂದು ಫೈಲಿನಲ್ಲಿ ಇಪ್ಪತ್ತೊಂಬತ್ತು. ಆ ಜಾಗಗಳನ್ನು ನಾನು ಕೇಳಿದರೆ ಮಾತು ಸ್ಪಷ್ಟವಾಗಿಯೇ ಇತ್ತು. ಫೋನ್ ಮಾಡಿ, ಮನೆಯಲ್ಲಿ ಗಲಾಟೆ ಹೆಚ್ಚಿದೆಯೇ ಎಂದು ಕೇಳಿದೆ. ಇಲ್ಲ ಎಂದರು.

“ಹೆಡ್‌ಫೋನ್ ಸರಿ ಇದೆಯಾಮ್ಮ?”

“ಸರಿ ಇದೆ ಸಾರ್. ನಾನೇ ನೆಟ್ಟಗೆ ಕೇಳಿಸ್ಕೋತಿಲ್ಲ ಅನ್ಸುತ್ತೆ. ನೋಡ್ತೀನಿ.”

ಆದರೂ ಅವರ ಮಾತಿನ ಮೇಲೇ ಬಿಡಲಿಲ್ಲ. ವಸ್ತುವಿನಲ್ಲಿ ದೋಷವಿರಬಹುದೆಂದು ಅವರ ಹೆಡ್‌ಫೋನ್ ವಾಪಸ್ ತರಿಸಿಕೊಂಡು, ಅದೇ ಮಾದರಿಯ ಹೊಸದನ್ನು ಕಳಿಸಿದೆ. ವಾಪಸ್ ಬಂದದ್ದನ್ನು ನಾನೇ ಒಂದು ದಿನ ಪೂರ್ತಿ ಹಾಕಿಕೊಂಡು ಕೂತೆ. ಅದರಲ್ಲಿ ಏನೂ ತೊಂದರೆ ಇರಲಿಲ್ಲ. ಹೊಸದು ಹೋದ ಮೇಲೂ ಅವರ ಫೈಲುಗಳು ಹಾಗೇ ಬಂದವು. ವಸ್ತು ಬದಲಾದರೂ ಫಲ ಬದಲಾಗಲಿಲ್ಲ, ಆದ್ದರಿಂದ ತೊಂದರೆ ವಸ್ತುವಿನದಲ್ಲ ಎಂದು ತೀರ್ಮಾನಿಸಿದೆ. ಇದು ಆಗ ನನಗೆ ಬಹಳ ಗಟ್ಟಿಯಾದ ತರ್ಕವಾಗಿ ಕಂಡಿತು. ಕೆಲಸದ ಪಟ್ಟಿಯಲ್ಲಿ ಅವರ ಹೆಸರಿನ ಮುಂದಿನ ಷರಾ ಕಾಲಂನಲ್ಲಿ ಎರಡು ಪದ ಬರೆದೆ: “ಏಕಾಗ್ರತೆ ಕುಸಿದಿದೆ.” ಮನೆಯಿಂದ ಬರೆಯುವವರಿಗೂ ಆ ಕಾಲಂ ಕಾಣುತ್ತದೆ.

ಮೂರು ತಿಂಗಳು ಮುಗಿದಾಗ ಹುದ್ದೆ ಕುಣಿಗಲ್ಲಿನ ಬರಹಗಾರ್ತಿಗೆ ಹೋಯಿತು. ಅವರದು ಮೊದಲಿನಿಂದಲೂ ಎರಡನೇ ಸ್ಥಾನ. ಕೆಲಸ ಚೊಕ್ಕಟ, ಮಾತು ಚುರುಕು. ಸುದ್ದಿ ತಿಳಿಸಲು ನಾನೇ ಗುಬ್ಬಿಗೆ ಫೋನ್ ಮಾಡಿದೆ. “ಒಳ್ಳೇದಾಯ್ತು ಸಾರ್, ಅವರು ಚೆನ್ನಾಗ್ ಬರೀತಾರೆ” ಎಂದರು. ಆ ವಾರದ ನಂತರ ಹೊಸ ಫೈಲ್ ತೆಗೆದುಕೊಳ್ಳಲಿಲ್ಲ. ಮಕ್ಕಳ ಪರೀಕ್ಷೆ ಇದೆ ಎಂದು ಮೆಸೇಜ್ ಕಳಿಸಿದ್ದರು.

ಕುಣಿಗಲ್ಲಿನವರು ಕೆಲಸಕ್ಕೆ ಬಂದ ಮೊದಲ ದಿನ ಮೇಜಿನ ಮುಂದೆ ಕೂತು, ಬ್ಯಾಗಿನಿಂದ ಒಂದು ಚಿಕ್ಕ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ತಲೆ ವಾಲಿಸಿ, ಕಿವಿಯ ಹಿಂದೆ ಬೆರಳಿಟ್ಟು, ಓಲೆಯ ತಿರುಪು ಬಿಚ್ಚಿದರು. ಎರಡೂ ಓಲೆ, ಎರಡೂ ತಿರುಪು ಡಬ್ಬಿಗೆ ಹೋದವು. ಆಮೇಲೆ ಹೆಡ್‌ಫೋನ್ ಹಾಕಿಕೊಂಡರು. ನಾನು ಎದುರಿನ ಕುರ್ಚಿಯಲ್ಲಿದ್ದೆ. ದಿನಾ ಹೀಗೇ ತೆಗೆಯುತ್ತೀರಾ ಎಂದು ಕೇಳಿದೆ.

“ತೆಗೀದೆ ಏನ್ಮಾಡ್ಲಿ ಸಾರ್? ನೀವ್ ಕಳ್ಸಿರೋದು ಹೆಡ್‌ಫೋನಲ್ಲ, ಇಕ್ಕಳ. ಅರ್ಧ ಗಂಟೆಗೆ ತಿರುಪು ಹೋಗಿ ಕಿವಿ ಹಿಂದಿನ ಮೂಳೆ ಕಚ್ಚುತ್ತೆ.”

“ಫಾರಂನಲ್ಲಿ ನೋವಿಲ್ಲ ಅಂತ ಬರೆದಿದ್ದಿರಿ.”

“ಓಲೆ ತೆಗ್ದ ಮೇಲೆ ಎಲ್ಲಿಂದ ನೋವು? ನೀವ್ ಕೇಳಿದ್ದು ನೋವಿದೆಯಾ ಅಂತ. ಓಲೆ ತೆಗೀತೀರಾ ಅಂತ ಕೇಳ್ಳಿಲ್ವಲ್ಲ.” ನಗುತ್ತಾ ಸೇರಿಸಿದರು: “ನೀವ್ ನಾಲ್ಕೂ ಜನ ಗಂಡಸ್ರು ಕೂತ್ಕೊಂಡು ನೋಡಿದೀರ. ನೀವ್ ಕಿವೀಗೆ ಪೆನ್ನು ಸಿಗಿಸ್ಕೊಳೋದ್ ಬಿಟ್ರೆ ಇನ್ನೇನ್ ಹಾಕ್ಕೊಂಡಿದೀರ?”

ತೆಗೆಯದವರು ಏನು ಮಾಡುತ್ತಾರೆ ಎಂದು ಕೇಳಿದೆ. ನಗು ನಿಂತಿತು. ಕೆಲವರು ಮೆತ್ತೆಯ ಕೆಳಗೆ ಕರ್ಚೀಫ್ ಮಡಿಸಿ ಇಡುತ್ತಾರೆ, ಕೆಲವರು ಒಂದು ಕಿವಿ ಬಿಟ್ಟು ಇನ್ನೊಂದಕ್ಕೆ ಬದಲಾಯಿಸುತ್ತಾರೆ ಎಂದರು. ಬರೆಯುವವರ ವಾಟ್ಸಾಪ್ ಗುಂಪಿನಲ್ಲಿ ಇದೆಲ್ಲ ಎಲ್ಲರಿಗೂ ಗೊತ್ತಿತ್ತಂತೆ. ನಾನಿದ್ದ ಗುಂಪು ಬೇರೆ.

“ಗುಬ್ಬಿಯವರು ತೆಗ್ಯೋ ಹಂಗಿಲ್ಲ ಸಾರ್. ಮದ್ವೇಲಿ ಅವರತ್ತೆ ಹಾಕ್ಸಿದ ಏಳು ಕಲ್ಲಿನ ಓಲೆ. ಮುತ್ತೈದೆ ಬರೀ ಕಿವೀಲಿ ಕೂರಬಾರ್ದು ಅಂತ ಅವ್ರ ಮನೇಲಿ.”

ಮರುದಿನ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ. ಫೋನಿನಲ್ಲಿ ಕೇಳಿದರೆ ಮತ್ತೆ ‘ಪರವಾಗಿಲ್ಲ’ವೇ ಬರುತ್ತದೆಂದು ಗೊತ್ತಿತ್ತು. ಗುಬ್ಬಿಯಲ್ಲಿ ಆ ದಿನ ಸಂತೆ. ಬಸ್ ನಿಲ್ದಾಣದಿಂದ ಅವರ ಮನೆಗೆ ನಡೆದು ಹೋಗಲು ಅರ್ಧ ಗಂಟೆ ಹಿಡಿಯಿತು. ನಡುಮನೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ಅವರ ಲ್ಯಾಪ್‌ಟಾಪ್ ಇತ್ತು. ಹೆಡ್‌ಫೋನ್ ಡಬ್ಬಿಯೊಳಗಿತ್ತು, ವಾಪಸ್ ಕೊಡಲು ಕಟ್ಟಿಟ್ಟಂತೆ. ನಾನು ಬಂದ ಕಾರಣ ಹೇಳಿ, ಯಾವಾಗಲೂ ಹಾಕಿಕೊಳ್ಳುತ್ತಿದ್ದ ಹಾಗೇ ಒಮ್ಮೆ ಹಾಕಿಕೊಂಡು ತೋರಿಸಿ ಎಂದೆ.

ಹಾಕಿಕೊಂಡರು. ಮೆತ್ತೆ ಕಿವಿಯ ಮೇಲೆ ಕೂರಲಿಲ್ಲ. ಓಲೆಗೆ ತಾಗದಂತೆ ಬೆರಳಗಲ ಮೇಲೆ, ಬೆರಳಗಲ ಹಿಂದೆ ಕೂತಿತು. ಅರ್ಧ ಕಿವಿ ಹೊರಗೇ ಇತ್ತು. ನೋವಿಲ್ಲ ಎಂದು ಅವರು ಬರೆದದ್ದು ಸುಳ್ಳಾಗಿರಲಿಲ್ಲ. ಹಾಗೆ ಹಾಕಿಕೊಂಡರೆ ನೋಯುವುದಿಲ್ಲ. ಹಾಗೆ ಹಾಕಿಕೊಂಡರೆ ಮೆಲುಮಾತು ಕೇಳುವುದೂ ಇಲ್ಲ. ಟ್ರ್ಯಾಕ್ಟರಿನ ರೆಕಾರ್ಡಿಂಗ್ ಹಾಕಿದೆ. ಮೂರು ಕಡೆ ತಲೆಯಾಡಿಸಿದರು, ಕೇಳಿಸಲಿಲ್ಲವೆಂದು. ಅಂಗೈಯಿಂದ ಎರಡೂ ಮೆತ್ತೆಗಳನ್ನು ಕಿವಿಯ ಮೇಲೆ ತಂದು ಒತ್ತಿಕೊಳ್ಳಲು ಹೇಳಿದೆ. ತಿರುಪು ಒತ್ತಿ ಮುಖ ಕಿವುಚಿದರು; ಆದರೆ ಮೂರೂ ಕಡೆಯ ಮಾತನ್ನು ಅಕ್ಷರ ಬಿಡದೆ ಹೇಳಿದರು. ಹೇಳಿ ಮುಗಿಸಿ ನನ್ನ ಮುಖ ನೋಡಿದರು.

ಅವರ ಅತ್ತೆ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅರವತ್ತು ದಾಟಿದ, ನೇರಾನೇರ ಮಾತಾಡುವ ಹೆಂಗಸು. ತಿರುಪನ್ನು ಚಿನ್ನದ ಕೆಲಸದ ಆಚಾರ್ರು ಕೂರಿಸಿದ್ದು, ಹನ್ನೆರಡು ವರ್ಷದಿಂದ ಅಲ್ಲಾಡಿಲ್ಲ, ಮನೆಯಲ್ಲಿ ಬಿಚ್ಚಲು ಆಗುವುದೂ ಇಲ್ಲ ಎಂದರು.

“ಇದ್ಕೇನಾ ಕೆಲ್ಸ ತಪ್ಪಿದ್ದು? ಒಂದ್ ಮಾತ್ ಹೇಳ್ಬುಟ್ಟಿದ್ರೆ ಆಚಾರ್ರ ತಾವ ಕರ್ಕೊಂಡೋಗಿ ತೆಗ್ಸಿಬುಡ್ತಿದ್ನಲ್ಲ. ಹಗಲೊತ್ತು ಕಿವೀಗೆ ಒಂದ್ ಸಣ್ಣ ಮುರ ಇಕ್ಕೊಂಡಿದ್ರೆ ಆಗಿತ್ತು. ಇವ್ಳು ಕೇಳ್ಲೇ ಇಲ್ಲ ಕಣಪ್ಪ.”

ಅತ್ತೆಯ ಮಾತು ಮೊದಲೂ ಇದೇ ಆಗಿರುತ್ತಿತ್ತೋ, ಕೆಲಸ ಕೈತಪ್ಪಿದ ಮೇಲೆ ಹೀಗಾಯಿತೋ ನನಗೆ ಗೊತ್ತಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ.

ಅತ್ತೆ ಕಾಫಿಗೆಂದು ಒಳಗೆ ಹೋದಾಗ ಸೊಸೆ ಹೆಡ್‌ಫೋನ್ ಡಬ್ಬಿಗೆ ಇಡುತ್ತಾ, ಧ್ವನಿ ಇಳಿಸಿ ಮಾತಾಡಿದರು.

“ನಾನು ತುಮಕೂರಿಗೆ ಬಂದು ಕಿವಿ ಟೆಸ್ಟ್ ಮಾಡಿಸ್ದೆ ಸಾರ್. ಮನೇಲಿ ಹೇಳಿಲ್ಲ.”

“ಏನಂದರು?”

“ಕಿವಿ ಚೆನ್ನಾಗಿದೆ ಅಂದ್ರು. ಹಂಗಾದ್ರೆ ನನ್ ತಲೇನೇ ಸರಿ ಇಲ್ಲ ಅನ್ಕೊಂಡೆ. ನೀವೂ ಅದನ್ನೇ ಬರ್ದಿದ್ರಲ್ಲ.”

ಅದರಲ್ಲಿ ಆಕ್ಷೇಪಣೆಯ ದನಿ ಇರಲಿಲ್ಲ. ಷರಾ ಓದಿದ ದಿನದಿಂದ, ಕೇಳಿದ ಮಾತನ್ನೂ ಕೇಳಿದೆನೋ ಇಲ್ಲವೋ ಎಂಬ ಅನುಮಾನದಿಂದ ಅಳಿಸಿ ‘ಅಸ್ಪಷ್ಟ’ ಎಂದು ಹಾಕುತ್ತಿದ್ದುದಾಗಿ ಹೇಳಿದರು. ಊಹಿಸಿ ಬರೆಯಬೇಡಿ ಎಂದು ನಾನೇ ಹೇಳಿಕೊಟ್ಟಿದ್ದೆ. ಊಹಿಸಿ ಬರೆದಿದ್ದರೆ ಅವರಿಗೆ ಅಷ್ಟು ‘ಅಸ್ಪಷ್ಟ’ಗಳು ಬೀಳುತ್ತಿರಲಿಲ್ಲ. ಊಹಿಸಿ ಷರಾ ಬರೆದವನು ನಾನು. ಗುಬ್ಬಿಗೆ ಬಸ್ಸಿನಲ್ಲಿ ಬರಲು ಮುಕ್ಕಾಲು ಗಂಟೆ ಸಾಕಿತ್ತು. ಈ ಬಸ್ಸನ್ನು ಮೂರು ತಿಂಗಳು ಮೊದಲೇ ಹತ್ತಬಹುದಿತ್ತು. ಒಂದು ಹೆಡ್‌ಫೋನ್ ಬದಲಾಯಿಸಿ ಕಳಿಸಿದ್ದನ್ನೇ ತನಿಖೆ ಎಂದುಕೊಂಡಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಹೋಲಿಕೆಯನ್ನು ಮೊದಲಿನಿಂದ ಮತ್ತೆ ಮಾಡುವುದು; ನನ್ನ ವರದಿಯನ್ನು ಹಿಂದಕ್ಕೆ ಪಡೆಯುವುದು; ಹುದ್ದೆಯ ವಿಷಯವನ್ನು ಮಾಲೀಕರ ಮುಂದೆ ಇಡುವುದು.

ಎರಡನೇ ಹೋಲಿಕೆಗೆ ಆರು ಜನ ಹೆಂಗಸರು ಬಂದರು. ಒಬ್ಬರದು ಒಂಟಿ ಕಲ್ಲಿನ ಓಲೆ, ಇಬ್ಬರದು ಏಳು ಕಲ್ಲಿನದು, ಒಬ್ಬರದು ಜುಮುಕಿ, ಒಬ್ಬರದು ತಂತಿಯಂಥ ಸಣ್ಣ ರಿಂಗು. ಕುಣಿಗಲ್ಲಿನವರು ಒಮ್ಮೆ ಓಲೆ ತೆಗೆದು, ಒಮ್ಮೆ ಹಾಕಿಕೊಂಡು ಎರಡು ಸಲ ಕೂತರು. ಅದೇ ಐದು ಹೆಡ್‌ಫೋನ್ (ಬಿರುಕು ಬಿಟ್ಟಿದ್ದ ‘ಆ’ದ ಪಟ್ಟಿಗೆ ಟೇಪು ಸುತ್ತಿದ್ದೆ), ಅದೇ ಮೂರು ರೆಕಾರ್ಡಿಂಗ್, ಅದೇ ಮೂರು ಗಂಟೆ. ಈ ಸಲ ಫಾರಂ ಕೊಡಲಿಲ್ಲ. ಅರ್ಧ ಗಂಟೆಗೊಮ್ಮೆ ಮೆತ್ತೆ ಎಲ್ಲಿ ಕೂತಿದೆ ಎಂದು ಕಣ್ಣಾರೆ ನೋಡಿ ಬರೆದೆ. ‘ಇ’ ಹಾಕಿದವರಲ್ಲಿ ಓಲೆ ತೆಗೆಯದ ಪ್ರತಿಯೊಬ್ಬರೂ ಒಂದು ಗಂಟೆಯೊಳಗೆ ಅದನ್ನು ಮೇಲಕ್ಕೋ ಹಿಂದಕ್ಕೋ ಸರಿಸಿದ್ದರು. ಸರಿಸಿದ್ದು ಅವರಿಗೇ ಗೊತ್ತಿರಲಿಲ್ಲ. ಗಡಿಗೆಯ ಧ್ವನಿ ಎಂದು ನಾನು ತಳ್ಳಿಹಾಕಿದ್ದ ‘ಉ’ದ ಬಟ್ಟಲಿನೊಳಗೆ ಓಲೆ, ತಿರುಪು, ಜುಮುಕಿ ಎಲ್ಲವೂ ಮುಟ್ಟದೆ ಕೂತವು. ಬೆವರಂತೂ ಬಂತು. ಒಬ್ಬರು, ಒಲೆ ಮುಂದೆ ಕೂತು ಬೆವರೋರಿಗೆ ಇದೇನ್ ಮಹಾ ಎಂದರು. ಈ ಸುತ್ತಿನಲ್ಲಿ ‘ಅಸ್ಪಷ್ಟ’ ಅತಿ ಕಡಿಮೆ ಬಂದದ್ದು ‘ಉ’ದಲ್ಲಿ.

ಪತ್ರಿಕೆಯಲ್ಲಿ ತಪ್ಪಾದರೆ ತಿದ್ದುಪಡಿ ಹಾಕುತ್ತಿದ್ದೆವು. ಮಾಲೀಕರಿಗೆ ಎರಡು ಪುಟದ ತಿದ್ದುಪಡಿ ಬರೆದುಕೊಟ್ಟೆ. ಹೆಡ್‌ಫೋನ್ ಆಯ್ಕೆ ತಪ್ಪು. ಆ ತಪ್ಪಿನಿಂದ ಗುಬ್ಬಿಯ ಬರಹಗಾರ್ತಿಯ ಮೂರು ತಿಂಗಳ ಕೆಲಸ ಕೆಟ್ಟಿತು. ನನ್ನ ಷರಾ ಆಧಾರವಿಲ್ಲದ್ದು. ಹುದ್ದೆಯ ನಿರ್ಧಾರ ಆ ಷರಾದ ಮೇಲೆ ನಿಂತದ್ದು. ಮಾಲೀಕರು ಎರಡು ಸಲ ಓದಿದರು.

“ಹೆಡ್‌ಫೋನ್ ಬದಲಾಯಿಸೋಣ. ಹುದ್ದೆ ಒಂದೇ ಇರೋದು, ಅದು ಮುಗಿದ ಮಾತು. ಈಗ ಕುಣಿಗಲ್‌ನೋರನ್ನ ಎಬ್ಬಿಸೋಕಾಗುತ್ತಾ? ಅವರೇನ್ ತಪ್ ಮಾಡಿದಾರೆ?”

ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಷರಾವನ್ನು ಅಳಿಸಿಬಿಡಿ ಎಂದು ಮಾಲೀಕರು ಹೇಳಿದರು. ಅಳಿಸಲಿಲ್ಲ. ಅದರ ಕೆಳಗೆ, ಈ ಷರಾ ತಪ್ಪು, ದೋಷ ಹೆಡ್‌ಫೋನ್ ಆರಿಸಿದವರದು ಎಂದು ಬರೆದು ನನ್ನ ಹೆಸರು ಹಾಕಿದೆ. ಎರಡೂ ಸಾಲು ಈಗ ಅಲ್ಲೇ ಇವೆ.

‘ಉ’ ಮಾದರಿಯ ಹೆಡ್‌ಫೋನ್‌ಗಳು ಸಂಕ್ರಾಂತಿ ಕಳೆದ ವಾರ ಮನೆಮನೆಗೆ ಹೋದವು. ಗುಬ್ಬಿಗೂ ಒಂದನ್ನು ಕಳಿಸಿ, ಮತ್ತೆ ಶುರುಮಾಡಿ ಎಂದು ಕೇಳಿಕೊಂಡೆ. ಅಷ್ಟರಲ್ಲಿ ಅವರು ತಾಲ್ಲೂಕು ಕಚೇರಿಯ ಪಕ್ಕದ ಪತ್ರಬರಹಗಾರರೊಬ್ಬರ ಬಳಿ ಟೈಪಿಂಗ್ ಕೆಲಸಕ್ಕೆ ಸೇರಿದ್ದರು. ಅಲ್ಲಿ ಎಲ್ಲಾ ಕಾಗದ ನೋಡಿ ಬರೆಯುವುದು, ಕೇಳಿ ಬರೆಯುವುದು ಏನೂ ಇಲ್ಲ ಎಂದರು. ಪರಿಶೀಲಕರ ಹುದ್ದೆ ಮುಂದೆ ಖಾಲಿಯಾದರೆ ಅರ್ಜಿ ಹಾಕುತ್ತೀರಾ ಎಂದಾಗ, ನೋಡೋಣ ಸಾರ್ ಎಂದರು. ಕಡೆಗೆ ಒಂದೇ ಒಂದು ಚಿಕ್ಕ ಫೈಲ್ ಬರೆದುಕೊಡಿ, ಹೆಡ್‌ಫೋನ್ ಪರೀಕ್ಷೆಗೆ ಎಂದು ಕೇಳಿದೆ. ಒಪ್ಪಿದರು.

ಹತ್ತು ನಿಮಿಷದ ರೆಕಾರ್ಡಿಂಗ್ ಕಳಿಸಿದೆ. ಭಾನುವಾರ ಬರೆದು ಕಳಿಸಿದರು. ಸೋಮವಾರ ಹೆಡ್‌ಫೋನ್ ಡಬ್ಬಿ ತುಮಕೂರು ಬಸ್ಸಿನಲ್ಲಿ ವಾಪಸ್ ಬಂತು. ಫೈಲಿನಲ್ಲಿ ‘ಅಸ್ಪಷ್ಟ’ ಒಂದು ಕಡೆ ಮಾತ್ರ ಇತ್ತು, ಏಳನೇ ನಿಮಿಷದ ಹನ್ನೆರಡನೇ ಸೆಕೆಂಡಿನಲ್ಲಿ. ಆ ಜಾಗವನ್ನು ಐದೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನಗೂ ಕೇಳಿಸಲಿಲ್ಲ.